ಧೂಳು ಗಾಳಿಯಲ್ಲಿ, ಮದ್ದು ಎದೆಗೆ

ಆಸ್ಪತ್ರೆಯ ಕೆಲಸಕ್ಕೆ ಸೇವಾ ಮನೋಭಾವ ಬೇಕು, ಅದಿಲ್ಲದವರು ಹೆಚ್ಚು ದಿನ ನಿಲ್ಲುವುದಿಲ್ಲ ಎಂಬ ಮಾತು ನಮ್ಮಲ್ಲಿ ಗಾದೆಯಷ್ಟೇ ಸಲೀಸು. ಮೇ 12ರ ದಾದಿಯರ ದಿನಾಚರಣೆಯ ವೇದಿಕೆಯಲ್ಲಿ, ಆಸ್ಪತ್ರೆಗಳ ಆಡಳಿತ ಕಚೇರಿಯಲ್ಲಿ ಇದನ್ನು ಹೇಳುವವರು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಅವರ ವಾದಕ್ಕೆ ಒಂದು ಸರಣಿಯೂ ಇದೆ. ನೋವು, ರಕ್ತ, ಸಾವು ಆಸ್ಪತ್ರೆಯಲ್ಲಿ ಇರುವಂಥವೇ. ಅವನ್ನು ತೆಗೆದುಹಾಕಲು ಯಾರಿಂದಲೂ ಆಗದು. ಒಂದೇ ವಾರ್ಡಿನಲ್ಲಿ ಒಂದೇ ಸಂಬಳಕ್ಕೆ ದುಡಿಯುವ ಇಬ್ಬರಲ್ಲಿ ಒಬ್ಬರು ಮೂವತ್ತು ವರ್ಷ ನಗುನಗುತ್ತ ಕಳೆಯುತ್ತಾರೆ, ಇನ್ನೊಬ್ಬರು ಮೂರೇ ವರ್ಷಕ್ಕೆ ಬಸವಳಿಯುತ್ತಾರೆ. ಅಂದಮೇಲೆ ವ್ಯತ್ಯಾಸ ಮನಸ್ಸಿನದು. ಮನಸ್ಸಿನ ತೊಂದರೆಗೆ ಮದ್ದೂ ಮನಸ್ಸಿಗೇ: ಯೋಗ, ಧ್ಯಾನ, ಆಪ್ತಸಮಾಲೋಚನೆ, ಒತ್ತಡ ನಿರ್ವಹಣೆಯ ಒಂದು ದಿನದ ಕಾರ್ಯಾಗಾರ. ಇಷ್ಟಾದ ಮೇಲೂ ಬಿಟ್ಟುಹೋಗುವವರು ಬೆಂಗಳೂರಿನ ಸಂಬಳಕ್ಕೋ ಹೊರದೇಶದ ವೀಸಾಕ್ಕೋ ಹೋಗುವವರು. ಅವರನ್ನು ಹಿಡಿದಿಡುವುದು ಸಣ್ಣ ಊರಿನ ಆಸ್ಪತ್ರೆಯಿಂದ ಆಗುವ ಮಾತಲ್ಲ. ಈ ವಾದದ ಒಂದೊಂದು ತುಣುಕಿನಲ್ಲೂ ಸತ್ಯವಿದೆ. ತುಣುಕುಗಳನ್ನು ಕೂಡಿಸಿ ಹೊರಡಿಸಿದ ತೀರ್ಮಾನ ಮಾತ್ರ ತಪ್ಪು. ಆ ತಪ್ಪು ಎಲ್ಲಿ ನುಸುಳಿತೆಂದು ತಿಳಿಯಲು ಕೋಲಾರ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ, ಚರಿತ್ರೆಯನ್ನೇ ನೋಡಬಹುದು.

ಬಂಡೆ ಕೊರೆದಾಗ ಏಳುವ ಸಿಲಿಕಾ ಧೂಳು ಹಿಟ್ಟಿಗಿಂತ ನುಣುಪು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್‌ನಂಥ ಗಣಿಗಳಲ್ಲಿ ಪಾಳಿಯ ಮೇಲೆ ಪಾಳಿ ದುಡಿದವರ ಶ್ವಾಸಕೋಶಕ್ಕೆ ಅದು ಸೇರಿ, ವರ್ಷಗಳಾದ ಮೇಲೆ ಗಂಟುಗಂಟಾಗಿ ಗಡುಸಾಗಿ, ಕೊನೆಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವಂತೆ ಮಾಡುತ್ತಿತ್ತು. ಅದು ಸಿಲಿಕೋಸಿಸ್. ಪ್ರಪಂಚದ ಗಣಿಗಳಲ್ಲೆಲ್ಲ ಈ ಕಾಯಿಲೆ ಬಹುಕಾಲ ಕ್ಷಯದ ಹೆಸರಿನಡಿ ಮುಚ್ಚಿಹೋಗಿತ್ತು. ಕ್ಷಯ ಎಂದ ಕೂಡಲೇ ಕಾರಣ ಕಾರ್ಮಿಕನ ಮನೆಗೆ ಹೋಗುತ್ತದೆ: ಇಕ್ಕಟ್ಟಿನ ಮನೆ, ಸಾಲದ ಊಟ, ಕುಡಿತ, ಹುಟ್ಟಿನಿಂದ ಬಂದ ದುರ್ಬಲ ಎದೆ. ಸಿಲಿಕೋಸಿಸ್ ಎಂದರೆ ಕಾರಣ ಗಣಿಯ ಗಾಳಿಗೆ ಬರುತ್ತದೆ. 1940ರ ದಶಕದಲ್ಲಿ ಕೆಜಿಎಫ್ ಕಾರ್ಮಿಕರಲ್ಲಿ ಈ ರೋಗ ದಾಖಲಾಯಿತು. ಭಾರತದ ವೈದ್ಯಕೀಯ ಪಠ್ಯಗಳು ಸಿಲಿಕೋಸಿಸ್‌ನ ಕಥೆಯನ್ನು ಶುರು ಮಾಡುವುದೇ ಕೋಲಾರದಿಂದ. ಶ್ವಾಸಕೋಶಕ್ಕೆ ಇಳಿದ ಧೂಳನ್ನು ಹೊರತೆಗೆಯುವ ಮದ್ದು ಅಂದು ಇರಲಿಲ್ಲ, ಇಂದಿಗೂ ಇಲ್ಲ. ಪರಿಹಾರವಿದ್ದದ್ದು ಗಣಿಯಲ್ಲಿ: ನೀರು ಹಾಯಿಸಿ ಕೊರೆಯಬೇಕು, ಸುರಂಗದಲ್ಲಿ ಗಾಳಿ ಆಡಿಸಬೇಕು, ಧೂಳನ್ನು ಅಳೆಯಬೇಕು. ಒಂದೇ ಪಾಳಿಯಲ್ಲಿ ಇಳಿದ ಎಲ್ಲರಿಗೂ ಸಿಲಿಕೋಸಿಸ್ ಬರಲಿಲ್ಲ ಎಂಬುದೂ ನಿಜ. ಹಾಗೆಂದು ಉಳಿದವರ ಎದೆಯ ಗಟ್ಟಿತನವನ್ನು ಹೊಗಳಿ, ಬಿದ್ದವರಿಗೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಗಣಿಯನ್ನು ಹಾಗೇ ಬಿಡಬೇಕೆಂದು ಇಂದು ಯಾರೂ ವಾದಿಸಲಾರರು. ಮೊದಲು ಯಾರು ಬೀಳುತ್ತಾರೆ ಎಂಬ ಪ್ರಶ್ನೆಗೆ ಉತ್ತರ ಅವರವರ ದೇಹದಲ್ಲಿರಬಹುದು. ಜನ ಏಕೆ ಬೀಳುತ್ತಿದ್ದಾರೆ ಎಂಬುದು ಬೇರೆಯೇ ಪ್ರಶ್ನೆ, ಅದರ ಉತ್ತರ ಗಾಳಿಯಲ್ಲಿತ್ತು.

ಆಸ್ಪತ್ರೆ ನೌಕರರ ಬಗೆಗಿನ ನಮ್ಮ ರೂಢಿಯ ಮಾತು ಎಡವುವುದು ಈ ಎರಡು ಪ್ರಶ್ನೆಗಳನ್ನು ಒಂದೇ ಎಂದುಕೊಳ್ಳುವಲ್ಲಿ. ನೋವು ಕಾಣಿಸಿಕೊಳ್ಳುವ ಜಾಗ ಮನಸ್ಸು. ಅದರಿಂದ ಕಾರಣವೂ ಮನಸ್ಸಿನಲ್ಲೇ ಇದೆ ಎಂದು ಹೇಳಿಬಿಡುತ್ತೇವೆ. ವಿಜ್ಞಾನ ಹೀಗೆ ಹೇಳುವುದನ್ನು ಬಿಟ್ಟು ಬಹಳ ದಿನವಾಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಬಸವಳಿಕೆಯನ್ನು, ಅಂದರೆ ಬರ್ನ್‌ಔಟನ್ನು, ರೋಗವೆಂದು ಪಟ್ಟಿ ಮಾಡಿಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ, ಬಹುಕಾಲದ ಕೆಲಸದ ಒತ್ತಡದಿಂದ ಹುಟ್ಟುವ ವೃತ್ತಿಸಂಬಂಧಿ ಸ್ಥಿತಿ ಎಂದು ಹೇಳಿದೆ. ಕ್ರಿಸ್ಟೀನಾ ಮಾಸ್ಲಾಕ್ 1981ರಲ್ಲಿ ರೂಪಿಸಿದ ಮಾಪಕ ಅದರ ಮೂರು ಮುಖಗಳನ್ನು ಗುರುತಿಸುತ್ತದೆ: ಬತ್ತಿಹೋದ ಭಾವ, ಎದುರಿಗಿರುವ ಮನುಷ್ಯನನ್ನು ಬರೀ ಒಂದು ಕೇಸಾಗಿ ಕಾಣುವುದು, ತನ್ನಿಂದ ಏನೂ ಆಗುತ್ತಿಲ್ಲ ಎಂಬ ನಿರಾಶೆ. ಎರಡನೆಯದನ್ನು ಗಮನಿಸಬೇಕು. ಸರ್ಕಾರಿ ಆಸ್ಪತ್ರೆಯ ಸಿಸ್ಟರ್ ಸಿಡುಕುತ್ತಾರೆ, ಮುಖ ಕೊಟ್ಟು ಮಾತಾಡುವುದಿಲ್ಲ ಎಂದು ರೋಗಿಗಳ ಕಡೆಯವರು ದೂರುವಾಗ, ಸೇವಾ ಮನೋಭಾವದ ಕೊರತೆ ಎಂದು ನಾವು ಕರೆಯುವುದು ಬಹಳ ಸಲ ಇದನ್ನೇ. ಅದನ್ನು ಬಸವಳಿಕೆಯ ಕಾರಣವೆಂದು ತಿಳಿದಿದ್ದೇವೆ. ಅದು ಬಸವಳಿಕೆಯ ಲಕ್ಷಣ.

ಹಾಗಾದರೆ ಆಸ್ಪತ್ರೆಯ ಗಾಳಿಯಲ್ಲಿರುವ ಧೂಳು ಯಾವುದು? ಮೂರನ್ನು ಹೇಳುತ್ತೇನೆ.

1. ಮೊದಲನೆಯದು ಲೆಕ್ಕದ ವಿಷಯ, ಅದನ್ನು ಲೆಕ್ಕವಾಗಿಯೇ ನೋಡೋಣ. ಒಂದು ವಾರ್ಡಿನಲ್ಲಿ ಹಗಲೂ ರಾತ್ರಿ ಒಬ್ಬ ಸ್ಟಾಫ್ ನರ್ಸ್ ಇರಬೇಕೆಂದರೆ ದಿನಕ್ಕೆ ಮೂರು ಪಾಳಿಯಂತೆ ವಾರಕ್ಕೆ ಇಪ್ಪತ್ತೊಂದು ಪಾಳಿ. ವಾರದ ರಜೆ ಬಿಟ್ಟು ಒಬ್ಬರು ಆರು ಪಾಳಿ ಮಾಡಬಹುದು. ನಾಲ್ವರಿದ್ದರೆ ಇಪ್ಪತ್ನಾಲ್ಕು ಪಾಳಿ ಕೈಯಲ್ಲಿರುತ್ತದೆ. ಯಾರಿಗಾದರೂ ಜ್ವರ ಬಂದರೆ, ಮಗುವಿನ ಶಾಲೆಯಲ್ಲಿ ಕರೆದರೆ, ಉಳಿದ ಮೂರು ಪಾಳಿಯಲ್ಲಿ ಹೊಂದಿಸಿಕೊಳ್ಳಬಹುದು. ಈಗ ಒಬ್ಬರು ಬಿಟ್ಟುಹೋಗಲಿ. ಮೂವರು ಇಪ್ಪತ್ತೊಂದು ಪಾಳಿ ತುಂಬಿಸಬೇಕು, ತಲೆಗೆ ಏಳು. ವಾರದ ರಜೆ ಎಂಬುದು ಮೂವರಿಗೂ ಇಲ್ಲವಾಯಿತು. ಕಾಗದದ ಮೇಲೆ ಕಾಲುಭಾಗ ಸಿಬ್ಬಂದಿ ಕಡಿಮೆ, ಅಷ್ಟೇ. ಬದುಕಿನಲ್ಲಿ ನೂರಕ್ಕೆ ನೂರು ರಜೆ ಹೋಯಿತು. ಇನ್ನೊಬ್ಬರು ಹೋದರೆ ಉಳಿದ ಇಬ್ಬರಿಗೆ ತಲಾ ಹತ್ತೂವರೆ ಪಾಳಿ, ಅಂದರೆ ವಾರ್ಡು ನಡೆಯುವುದೇ ಇಲ್ಲ. ಪಕ್ಕದ ವಾರ್ಡಿನವರನ್ನು ಎಳೆದು ತರುತ್ತಾರೆ, ಅಲ್ಲಿಯೂ ಇದೇ ಲೆಕ್ಕ ಆರಂಭವಾಗುತ್ತದೆ. ನೌಕರರು ಬಿಟ್ಟುಹೋಗುವುದು ಒತ್ತಡದ ಪರಿಣಾಮ ಎಂದು ಎಲ್ಲರೂ ಒಪ್ಪುತ್ತಾರೆ. ಈ ಲೆಕ್ಕ ಹೇಳುವುದು ಅದರಾಚೆಯ ಸಂಗತಿ: ಬಿಟ್ಟುಹೋಗುವುದೇ ಉಳಿದವರ ಒತ್ತಡಕ್ಕೆ ದೊಡ್ಡ ಕಾರಣ. ಖಾಲಿ ಹುದ್ದೆಯನ್ನು ನಾವು ಇಲ್ಲದಿರುವ ಒಬ್ಬ ವ್ಯಕ್ತಿ ಎಂದು ಎಣಿಸುತ್ತೇವೆ. ವಾರ್ಡಿನಲ್ಲಿರುವವರ ಪಾಲಿಗೆ ಅದು ಬರದೇ ಹೋದ ಭಾನುವಾರ. ಇನ್ನು ಪಾಳಿಯ ಒಳಗಿನ ಲೆಕ್ಕ. ಮೂವತ್ತು ರೋಗಿಗಳಿಗೆ ಒಬ್ಬರೇ ಇರುವ ಎಂಟು ಗಂಟೆಯ ಪಾಳಿಯಲ್ಲಿ ಒಬ್ಬ ರೋಗಿಗೆ ಸಿಗುವುದು ಹದಿನಾರು ನಿಮಿಷ. ಡ್ಯೂಟಿ ಒಪ್ಪಿಸಿ ವಹಿಸಿಕೊಳ್ಳುವುದು, ಇಂಡೆಂಟ್ ಬರೆಯುವುದು, ರಿಜಿಸ್ಟರುಗಳನ್ನು ತುಂಬುವುದು ಎಲ್ಲ ಅದರಲ್ಲೇ ಆಗಬೇಕು. ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬರು ಇರಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಹದಿನಾರು ನಿಮಿಷದಲ್ಲಿ ಇಂಜೆಕ್ಷನ್ ಕೊಡಬಹುದು, ಡ್ರಿಪ್ ಬದಲಿಸಬಹುದು. ಹೆದರಿದ ಮುದುಕಿಯ ಕೈ ಹಿಡಿದು ಕೂರುವುದಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ.

2. ಎರಡನೆಯದು ಹಿಡಿತವಿಲ್ಲದ ಹೊಣೆ. ಕೆಲಸದ ಭಾರವೊಂದೇ ಮನುಷ್ಯನನ್ನು ಮುರಿಯುವುದಿಲ್ಲ, ಭಾರ ಹೆಚ್ಚಿದ್ದು ತೀರ್ಮಾನಿಸುವ ಅಧಿಕಾರ ಇಲ್ಲದಿದ್ದಾಗ ಮುರಿಯುತ್ತದೆ ಎಂದು ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಸಣ್ಣ ಊರಿನ ಆಸ್ಪತ್ರೆಯ ನೈಟ್ ಡ್ಯೂಟಿಯನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಎದೆನೋವಿನ ರೋಗಿಯನ್ನು ಕರೆತರುತ್ತಾರೆ. ತಜ್ಞರು ಇಲ್ಲ, ಕೋಲಾರಕ್ಕೋ ಬೆಂಗಳೂರಿಗೋ ಕಳಿಸಬೇಕು. ಕಳಿಸುವ ತೀರ್ಮಾನ ವೈದ್ಯರದು, ಗಾಡಿ 108ರದು, ಬೆಡ್ ಇದೆಯೋ ಇಲ್ಲವೋ ಹೇಳುವವರು ಆ ಕಡೆಯ ಆಸ್ಪತ್ರೆಯವರು. ಗಾಡಿ ಬರುವ ತನಕ ಕಾರಿಡಾರಿನಲ್ಲಿ ನಿಂತು ಮಗನ ಸಿಟ್ಟಿಗೂ ಹೆಂಡತಿಯ ಅಳುವಿಗೂ ಉತ್ತರ ಕೊಡಬೇಕಾದವರು ಮಾತ್ರ ಈ ಮೂರರಲ್ಲಿ ಯಾವುದರ ಮೇಲೂ ಅಧಿಕಾರವಿಲ್ಲದ ನರ್ಸ್. ಕೆಜಿಎಫ್ ಸೀಮೆಯ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆಗಳಲ್ಲಿ ಆ ಉತ್ತರವನ್ನು ಒಮ್ಮೆ ತಮಿಳಿನಲ್ಲಿ, ಒಮ್ಮೆ ತೆಲುಗಿನಲ್ಲಿ, ಒಮ್ಮೆ ಕನ್ನಡದಲ್ಲಿ, ಒಮ್ಮೆ ಉರ್ದುವಿನಲ್ಲಿ ಕೊಡಬೇಕು. ಅದು ಯಾವ ಕೆಲಸದ ಪಟ್ಟಿಯಲ್ಲೂ ಬರುವುದಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ಕರ್ನಾಟಕದಲ್ಲಿ 2009ರಿಂದ ಕಾಯ್ದೆಯೇ ಇದೆ. ಕಾಯ್ದೆ ಕೈ ಎತ್ತಿದ ಮೇಲೆ ಬರುತ್ತದೆ, ಕೈ ಎತ್ತುವ ಮಟ್ಟಿಗೆ ಕಾಯಿಸಿದ್ದನ್ನು ಅದು ಕೇಳುವುದಿಲ್ಲ.

3. ಮೂರನೆಯದು ನಾಳೆಯ ಅನಿಶ್ಚಿತತೆ. ಒಂದೇ ವಾರ್ಡಿನಲ್ಲಿ ಕಾಯಂ ನೌಕರರು, ಗುತ್ತಿಗೆಯವರು, ಹೊರಗುತ್ತಿಗೆಯ ಗ್ರೂಪ್ ಡಿ ನೌಕರರು ಒಂದೇ ಬಗೆಯ ಕೆಲಸ ಮಾಡಿ ಬೇರೆ ಬೇರೆ ಸಂಬಳ ಎಣಿಸುತ್ತಾರೆ. 2023ರ ಫೆಬ್ರುವರಿಯಲ್ಲಿ ರಾಜ್ಯದ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮುಷ್ಕರ ಕೂತದ್ದು ಕಾಯಮಾತಿಗಾಗಿ. ಗುತ್ತಿಗೆ ನವೀಕರಣವಾಗುತ್ತದೋ ಇಲ್ಲವೋ ಎಂದು ವರ್ಷವಿಡೀ ಎಣಿಸುವ ಮನಸ್ಸಿಗೆ ಧ್ಯಾನ ಕಲಿಸಬಹುದು, ಆದರೆ ಅದನ್ನು ಕದಡಿದ್ದು ಧ್ಯಾನದ ಕೊರತೆಯಲ್ಲ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಗಣಿಯ ಧೂಳನ್ನು ಅಳೆಯಬಹುದು, ಎಕ್ಸ್‌ರೇಯಲ್ಲಿ ಅದರ ಗುರುತು ನೋಡಬಹುದು. ಒತ್ತಡ ಹಾಗಲ್ಲ, ಒಬ್ಬರಿಗೆ ಭಾರವಾದದ್ದು ಇನ್ನೊಬ್ಬರಿಗೆ ಹಗುರ, ಆದ್ದರಿಂದ ಈ ಹೋಲಿಕೆ ನಿಲ್ಲದು ಎನ್ನಬಹುದು. ಭಾವನೆಯನ್ನು ಅಳೆಯುವುದು ಕಷ್ಟ, ಒಪ್ಪಿದೆ. ಕಾರಣವನ್ನು ಅಳೆಯುವುದು ಕಷ್ಟವಲ್ಲ. ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು, ಸತತ ಎಷ್ಟು ರಾತ್ರಿ, ತಿಂಗಳಲ್ಲಿ ಎಷ್ಟು ವಾರದ ರಜೆ ರದ್ದು, ಹುದ್ದೆ ಎಷ್ಟು ದಿನ ಖಾಲಿ, ಇವೆಲ್ಲ ಹಾಜರಾತಿ ಪುಸ್ತಕದಲ್ಲೇ ಇರುವ ಸಂಖ್ಯೆಗಳು. ಲಿಂಡಾ ಐಕೆನ್ ಮತ್ತು ಜೊತೆಗಾರರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಭ್ಯಸಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿದೆ: ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆ, ಶಸ್ತ್ರಚಿಕಿತ್ಸೆಗೆ ಬಂದ ರೋಗಿ ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು, ನರ್ಸ್ ಬಸವಳಿಯುವ ಸಂಭವ ಶೇ 23ರಷ್ಟು ಏರುತ್ತದೆ. ಅಲ್ಲಿನ ಆಸ್ಪತ್ರೆ ಬೇರೆ, ನಮ್ಮದು ಬೇರೆ; ಶೇಕಡಾವಾರನ್ನು ಹಾಗೇ ಬಂಗಾರಪೇಟೆಗೆ ತಂದು ಹಚ್ಚಬಾರದು. ಆದರೆ ಒಂದು ಮಾತು ಊರು ಬದಲಾದರೂ ಬದಲಾಗದು. ನರ್ಸ್‌ನ ಬಸವಳಿಕೆಯನ್ನೂ ರೋಗಿಯ ಸಾವನ್ನೂ ಒಂದೇ ಸಂಖ್ಯೆ ಮೇಲಕ್ಕೆ ಎತ್ತುತ್ತಿದ್ದರೆ, ಅದನ್ನು ನರ್ಸ್‌ನ ಮನೋದೌರ್ಬಲ್ಯದಿಂದ ವಿವರಿಸಲು ಬರುವುದಿಲ್ಲ.

ರೂಢಿಯ ವಾದದ ಕೊನೆಯ ಆಸರೆ ಬೆಂಗಳೂರಿನ ಸೆಳೆತ. ಕೆಜಿಎಫ್‌ನಲ್ಲಿ ಇದು ಬಲವಾದ ವಾದ, ಏಕೆಂದರೆ ಊರೇ ಹಾಗೆ ಬದುಕುತ್ತಿದೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಗಣಿಯ ಸಂಬಳ ಹೋಯಿತು, ಗಣಿಯ ಆಸ್ಪತ್ರೆಯ ಆಸರೆಯೂ ಹೋಯಿತು. ಧೂಳು ಕುಡಿದ ಎದೆಗಳು ಮಾತ್ರ ಊರಲ್ಲೇ ಉಳಿದವು, ಆ ಭಾರ ಬೇರೆ ಆಸ್ಪತ್ರೆಗಳ ಹೆಗಲಿಗೆ ಬಂತು. ಅಂದಿನಿಂದ ಮಾರಿಕುಪ್ಪಂನಲ್ಲಿ ಹೊರಡುವ ಬೆಳಗಿನ ರೈಲುಗಳು ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ, ಬಂಗಾರಪೇಟೆಯಲ್ಲಿ ಇನ್ನಷ್ಟು ಜನರನ್ನು ತುಂಬಿಕೊಂಡು ಬೆಂಗಳೂರಿಗೆ ಸಾವಿರಾರು ಮಂದಿಯನ್ನು ಹೊತ್ತೊಯ್ಯುತ್ತಿವೆ. ಅವರ ನಡುವೆ ಆಸ್ಪತ್ರೆಗಳಲ್ಲಿ ದುಡಿಯುವವರೂ ಇದ್ದಾರೆ. ಸಂಬಳ ಹೆಚ್ಚು, ಹೋಗುತ್ತಾರೆ. ಇದರಲ್ಲಿ ವಿವರಿಸುವುದೇನಿದೆ ಎಂದು ಕೇಳಬಹುದು. ಆದರೆ ಇದೇ ರೈಲು ಆ ವಾದಕ್ಕೆ ವಿರುದ್ಧವಾಗಿಯೂ ಸಾಕ್ಷಿ ಹೇಳುತ್ತದೆ. ಹೋಗಿ ಬರಲು ದಿನಕ್ಕೆ ನಾಲ್ಕು ಗಂಟೆ ಎಂದಿಟ್ಟುಕೊಂಡರೂ ತಿಂಗಳ ಇಪ್ಪತ್ತಾರು ದಿನಕ್ಕೆ ನೂರನಾಲ್ಕು ಗಂಟೆ, ಎಂಟು ಗಂಟೆಯ ಹದಿಮೂರು ಪಾಳಿಗೆ ಸಮ. ಅಷ್ಟನ್ನು ತೆತ್ತೂ ಊರು ಬಿಡದೆ ರಾತ್ರಿ ಮನೆಗೆ ಮರಳುವವರನ್ನು ಊರಿನ ಮೇಲೆ ಮಮತೆ ಇಲ್ಲದವರು, ತಾಳ್ಮೆ ಇಲ್ಲದವರು ಎನ್ನಲಾದೀತೇ? ಮನೆಯಿಂದ ಹತ್ತು ನಿಮಿಷದ ದೂರದಲ್ಲಿರುವ ಆಸ್ಪತ್ರೆಗೆ ಹುಟ್ಟಿನಿಂದಲೇ ಇಷ್ಟು ದೊಡ್ಡ ಅನುಕೂಲವಿದೆ. ಇಷ್ಟಿದ್ದೂ ಅದು ಸೋಲುತ್ತಿದ್ದರೆ, ತೂಕ ಹಾಕಬೇಕಾದದ್ದು ಆ ಆಸ್ಪತ್ರೆಯ ಪಾಳಿಯನ್ನೂ ಗುತ್ತಿಗೆಯನ್ನೂ. ಸೆಳೆತ ಎಲ್ಲರ ಮೇಲೂ ಒಂದೇ. ಯಾವ ತಿಂಗಳು ಯಾರು ಹೋಗುತ್ತಾರೆ ಎಂಬುದನ್ನು ಅದು ಹೇಳಲಾರದು, ನೂಕುವುದು ಯಾವುದೆಂದೂ ನೋಡಬೇಕು. ಸಂಬಳವೂ ನೌಕರರ ದುರಾಸೆಯ ಕಥೆಯಲ್ಲ, ಕೆಲಸದ ಸ್ಥಿತಿಯದೇ ಒಂದು ಭಾಗ. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದ ಮೇರೆಗೆ ಕೇಂದ್ರ ಸರ್ಕಾರ ರಚಿಸಿದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಅದನ್ನು ಕೇಳುವುದು ಸೇವಾ ಮನೋಭಾವಕ್ಕೆ ಹೇಗೆ ವಿರುದ್ಧವಾಗುತ್ತದೆ?

ಬಿಟ್ಟುಹೋದವರನ್ನಷ್ಟೇ ಎಣಿಸುವುದರಲ್ಲೂ ಒಂದು ಮೋಸವಿದೆ. ರಾಜೀನಾಮೆ ಕಡಿಮೆ ಇರುವ ಆಸ್ಪತ್ರೆ ನೆಮ್ಮದಿಯ ಆಸ್ಪತ್ರೆ ಎಂದೇನೂ ಅಲ್ಲ. ಕಾಯಂ ಸರ್ಕಾರಿ ಕೆಲಸವನ್ನು ನಮ್ಮಲ್ಲಿ ಯಾರೂ ಸುಲಭಕ್ಕೆ ಬಿಡುವುದಿಲ್ಲ, ಬಿಡಬಾರದು ಕೂಡ. ಮನೆಯ ಸಾಲ, ಮಕ್ಕಳ ಫೀಸು ಅದರ ಮೇಲೆ ನಿಂತಿರುತ್ತವೆ. ಅಂಥವರು ವರ್ಗಾವಣೆಗೆ ಓಡಾಡುತ್ತಾರೆ, ನಿಯೋಜನೆ ಮೇಲೆ ಬೇರೆಡೆ ಹೋಗುತ್ತಾರೆ, ಅದೂ ಆಗದಿದ್ದರೆ ದೇಹವನ್ನು ವಾರ್ಡಿನಲ್ಲಿ ಬಿಟ್ಟು ಮನಸ್ಸನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಲಂಡನ್ನಿನ ಒಂದು ಬೋಧನಾ ಆಸ್ಪತ್ರೆಯ ನರ್ಸಿಂಗ್ ವ್ಯವಸ್ಥೆಯನ್ನು ಅಭ್ಯಸಿಸಿ ಇಸಬೆಲ್ ಮೆನ್ಜೀಸ್ 1960ರ ಸುಮಾರಿಗೆ ಬರೆದ ಪ್ರಬಂಧದಲ್ಲಿ ಈ ಹಿಂತೆಗೆತದ ಚಿತ್ರವಿದೆ: ರೋಗಿಯನ್ನು ಹೆಸರಿನ ಬದಲು ಹಾಸಿಗೆಯಿಂದಲೋ ಕಾಯಿಲೆಯಿಂದಲೋ ಗುರುತಿಸುವುದು, ಕೆಲಸವನ್ನು ಚೂರುಚೂರು ಮಾಡಿ ಯಾರೂ ಯಾರಿಗೂ ಹತ್ತಿರವಾಗದಂತೆ ನೋಡಿಕೊಳ್ಳುವುದು. ಇವು ಒಬ್ಬೊಬ್ಬರ ಗುಣದೋಷವಲ್ಲ, ಆತಂಕವನ್ನು ತಡೆದುಕೊಳ್ಳಲು ಇಡೀ ಸಂಸ್ಥೆ ಕಟ್ಟಿಕೊಂಡ ಬೇಲಿ ಎಂದು ಆಕೆ ತೋರಿಸಿದರು. ಬೇಲಿಯಿಂದ ಆತಂಕ ಕಡಿಮೆಯಾಗಲಿಲ್ಲ. ಕೆಲಸದಲ್ಲಿದ್ದ ತೃಪ್ತಿ ಹೋಯಿತು, ತರಬೇತಿಗೆ ಬಂದ ವಿದ್ಯಾರ್ಥಿನಿಯರಲ್ಲಿ ಮೂರನೇ ಒಂದರಷ್ಟು ಮಂದಿ ಬಿಟ್ಟುಹೋಗುತ್ತಿದ್ದರು. ನಮ್ಮ ವಾರ್ಡುಗಳಲ್ಲೂ ‘ಏಳನೇ ಬೆಡ್’ ಎಂದು ಮನುಷ್ಯರನ್ನು ಕರೆಯುವುದಿದೆ. ಹಾಗೆ ಕರೆಯುವವರ ಮನಸ್ಸು ಕಲ್ಲಲ್ಲ. ಮೂವತ್ತು ಹೆಸರುಗಳ ಭಾರ ಹೊರಲಾರದೆ ಅವನ್ನು ಅಂಕಿಗಳ ಹಿಂದೆ ಇಟ್ಟಿದೆ.

ಹಾಗಾದರೆ ಆಪ್ತಸಮಾಲೋಚನೆ, ಯೋಗ ಎಲ್ಲ ವ್ಯರ್ಥವೇ ಎಂದು ಕೇಳಿದರೆ, ಅಲ್ಲ. ಖಿನ್ನತೆ ನಿಜವಾದ ಕಾಯಿಲೆ, ಅದಕ್ಕೆ ಚಿಕಿತ್ಸೆ ಬೇಕೇ ಬೇಕು. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರನ್ನು ಕರೆತರುವ ಮನೋಚೈತನ್ಯ ಕಾರ್ಯಕ್ರಮ, 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆ, ಇವು ದೊಡ್ಡ ಉಪಕಾರ. ಸಣ್ಣ ಊರಿನಲ್ಲಿ ತಾನು ದುಡಿಯುವ ಆಸ್ಪತ್ರೆಯ ಮನೋವೈದ್ಯರ ಕೋಣೆಯ ಮುಂದೆ ಎಲ್ಲರಿಗೂ ಕಾಣುವಂತೆ ಕೂರಲಾರದ ನೌಕರರಿಗಂತೂ ಫೋನಿನ ದಾರಿ ಜೀವ ಉಳಿಸಬಹುದು. ನಾನು ಆಕ್ಷೇಪಿಸುವುದು ಚಿಕಿತ್ಸೆಯನ್ನು ತಡೆಗಟ್ಟುವಿಕೆಯ ಜಾಗದಲ್ಲಿ ಕೂರಿಸುವುದನ್ನು. ವೈದ್ಯರ ಬಸವಳಿಕೆ ತಗ್ಗಿಸುವ ಪ್ರಯತ್ನಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಜಾಮಾ ಇಂಟರ್ನಲ್ ಮೆಡಿಸಿನ್‌ನಲ್ಲಿ ಪ್ರಕಟವಾದ ವಿಶ್ಲೇಷಣೆ, ವ್ಯಕ್ತಿಗೆ ಕೊಡುವ ತರಬೇತಿಗಿಂತ ಸಂಸ್ಥೆಯಲ್ಲಿ ಮಾಡುವ ಬದಲಾವಣೆ ಹೆಚ್ಚು ಫಲ ಕೊಡುತ್ತದೆಂದು ಕಂಡಿತು. ಇನ್ನೂ ಒಂದು ಮಾತು: ಕಾರ್ಯಾಗಾರ ನಡೆಯುವುದು ಸಾಮಾನ್ಯವಾಗಿ ನೌಕರರ ಬಿಡುವಿನ ಹೊತ್ತಿನಲ್ಲಿ. ಮೂವರು ಏಳೇಳು ಪಾಳಿ ಮಾಡುತ್ತಿರುವ ವಾರ್ಡಿನಲ್ಲಿ ಒತ್ತಡ ನಿರ್ವಹಣೆಯ ಪಾಠ ಎಂಟನೆಯ ಪಾಳಿಯಾಗುತ್ತದೆ.

ಇನ್ನು ಹಣವೆಲ್ಲಿದೆ ಎಂಬ ಆಕ್ಷೇಪಣೆ. ಇದು ಹಗುರವಾದುದಲ್ಲ, ಹುದ್ದೆ ಮಂಜೂರು ಮಾಡುವುದು ತಾಲ್ಲೂಕು ಆಸ್ಪತ್ರೆಯ ಮುಖ್ಯಸ್ಥರ ಕೈಯಲ್ಲಿಲ್ಲ, ಸಣ್ಣ ನರ್ಸಿಂಗ್ ಹೋಮಿನ ಮಾಲೀಕರ ಗಲ್ಲಾಪೆಟ್ಟಿಗೆಯೂ ಆಳವಲ್ಲ. ಆದರೆ ಹಣ ಈಗಲೂ ಖರ್ಚಾಗುತ್ತಲೇ ಇದೆ. ಹೊಸಬರು ಬಂದು ವಾರ್ಡಿನ ಕೀಲಿಕೈ ಎಲ್ಲಿ, ತುರ್ತು ಔಷಧದ ಟ್ರೇ ಹೇಗೆ ಜೋಡಿಸಿದೆ ಎಂದು ಕಲಿಯುವ ತನಕ ಹಳಬರು ಇಬ್ಬರ ಕೆಲಸ ಮಾಡುತ್ತಾರೆ. ಕಲಿತ ಹೊತ್ತಿಗೆ ಹೊಸಬರು ಹೋಗಿರುತ್ತಾರೆ. ಆ ಖರ್ಚಿಗೆ ಲೆಕ್ಕದ ಪುಸ್ತಕದಲ್ಲಿ ಶೀರ್ಷಿಕೆ ಇಲ್ಲ, ಅದರಿಂದ ಅದು ಖರ್ಚೇ ಅಲ್ಲ ಎಂದುಕೊಂಡಿದ್ದೇವೆ. ಖರ್ಚಿಲ್ಲದ ಕೆಲಸಗಳೂ ಇವೆ: ಡ್ಯೂಟಿ ಪಟ್ಟಿಯನ್ನು ತಿಂಗಳ ಮೊದಲೇ ಹಾಕಿ ಬದಲಿಸದಿರುವುದು, ಸತತ ರಾತ್ರಿಗಳಿಗೆ ಮಿತಿ ಹಾಕುವುದು, ರದ್ದಾದ ರಜೆಯನ್ನು ಬರೆದಿಟ್ಟು ಹಿಂದಿರುಗಿಸುವುದು, ಒಂದೇ ಮಾಹಿತಿಯನ್ನು ನಾಲ್ಕು ರಿಜಿಸ್ಟರಿನಲ್ಲಿ ಬರೆಸದಿರುವುದು, ರೋಗಿಯನ್ನು ಬೇರೆಡೆಗೆ ಕಳಿಸುವಾಗ ಕಡೆಯವರೊಡನೆ ಮಾತಾಡುವ ಹೊಣೆಯನ್ನು ತೀರ್ಮಾನ ಮಾಡಿದ ವೈದ್ಯರೇ ಹೊರುವುದು. ಎಲ್ಲಕ್ಕಿಂತ ಮೊದಲು ಅಳೆಯುವುದು. ಆಸ್ಪತ್ರೆಗಳಲ್ಲಿ ಸಿಗುವ ಸೌಲಭ್ಯ, ಲಭ್ಯವಿರುವ ಔಷಧ, ಕರ್ತವ್ಯದ ಮೇಲಿರುವ ವೈದ್ಯರ ಹೆಸರು ಬರೆಯುವ ಫಲಕಗಳು ಈಗಾಗಲೇ ಇವೆ. ಪ್ರತಿ ವಾರ್ಡಿನ ಬಾಗಿಲಲ್ಲಿ ಅದೇ ಸೀಮೆಸುಣ್ಣದಿಂದ ಇನ್ನೆರಡು ಸಾಲು ಬರೆಯಬಹುದು: ಈ ಪಾಳಿಯಲ್ಲಿ ರೋಗಿಗಳು ಎಷ್ಟು, ಸಿಸ್ಟರ್‌ಗಳು ಎಷ್ಟು. ರಾತ್ರಿ ಎರಡು ಗಂಟೆಗೆ ಸಿಟ್ಟಿನಿಂದ ಒಳಬರುವ ಮಗನೂ ಒಳಗೆ ಕಾಲಿಡುವ ಮೊದಲು ಅದನ್ನು ಓದುತ್ತಾನೆ.